ಕಂದು ನೀರಿನ ಕಥೆ

ಹೋದ ಬೇಸಿಗೆಯಲ್ಲಿ ನಮ್ಮ ಕೂಟದ ಮೂರು ನಾಲ್ಕು ಸಂಸಾರಗಳು ಬುತ್ತಿ ಕಟ್ಟಿಕೊಂಡು ಮ್ಯಾಂಚೆಸ್ಟರಿನ ಪೂರ್ವಕ್ಕಿರುವ ಲಾಂಗ್‌ಡೆಂಡೇಲ್ ಕಣಿವೆಗೆ ಹೋಗಿದ್ದೆವು. ಚಿತ್ರಾನ್ನ ಮುಗಿಸಿ ತೊರೆಯಲ್ಲಿ ಕೈ ತೊಳೆಯುವಾಗ ನನ್ನ ಮೊಮ್ಮಗಳು, "ಅಜ್ಜಾ, ಈ ನೀರಿಗೆ ಯಾರು ಡಿಕಾಕ್ಷನ್ ಸುರಿದಿದ್ದಾರೆ?" ಎಂದಳು. "ಕೊಳಕು ಇರಬೇಕು, ಮುಟ್ಟಬೇಡ" ಎಂದುಬಿಟ್ಟೆ. ಮನೆಗೆ ಬಂದು ಪುಸ್ತಕ ತಿರುವಿದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಅವಳಿಗೆ ಹೇಳಬೇಕಾಗಿದ್ದ ಉತ್ತರವನ್ನು ಬಂಧುಗಳಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಕಣಿವೆಯ ಮೇಲಿನ ಬ್ಲೀಕ್‌ಲೋ ಗುಡ್ಡದ ನೆಲ ಪೀಟ್. ಸದಾ ನೀರು ನಿಲ್ಲುವ ಜಾಗದಲ್ಲಿ ಗಾಳಿಯಾಡದೆ, ಸತ್ತ ಪಾಚಿ, ಹುಲ್ಲು ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರಪದರವಾಗಿ ಕೂಡಿದ ಕಪ್ಪು ಮಣ್ಣು ಅದು. ಬ್ರಿಟನ್ನಿನ ಪೀಟ್ ನೆಲದಲ್ಲಿ ಸುಮಾರು 300 ಕೋಟಿ ಟನ್ ಇಂಗಾಲ ಅಡಗಿದೆಯೆಂದು ಅಂದಾಜು. ಮಳೆನೀರು ಇದರೊಳಗಿಂದ ಇಳಿಯುವಾಗ ನಮ್ಮ ಕಾಫಿ ಫಿಲ್ಟರಿನಲ್ಲಿ ಆಗುವುದೇ ಆಗುತ್ತದೆ. ಬಣ್ಣ ಇಳಿಯುತ್ತದೆ. ವಿಜ್ಞಾನಿಗಳು ಇದನ್ನು ‘ಕರಗಿದ ಸಾವಯವ ಇಂಗಾಲ’ ಎನ್ನುತ್ತಾರೆ.

1848ರಲ್ಲಿ ಇಂಜಿನಿಯರ್ ಜಾನ್ ಫ್ರೆಡರಿಕ್ ಬೇಟ್‌ಮನ್ ಮ್ಯಾಂಚೆಸ್ಟರ್ ನಗರಕ್ಕೆ ನೀರೊದಗಿಸಲು ಈ ಕಣಿವೆಯಲ್ಲಿ ಸಾಲು ಜಲಾಶಯಗಳನ್ನು ಕಟ್ಟಿಸತೊಡಗಿದ. ಕೆಲಸ ಮುಗಿದದ್ದು 1877ರಲ್ಲಿ. ಅದೇ ಕಾಲದಲ್ಲಿ ಹತ್ತಿ ಗಿರಣಿಗಳ ಚಿಮಣಿಗಳು ಕಲ್ಲಿದ್ದಲಿನ ಹೊಗೆ ಉಗುಳುತ್ತಿದ್ದವು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ, 1860ರ ದಶಕದಲ್ಲಿ, ನಮ್ಮ ಧಾರವಾಡದ ಹತ್ತಿಯೂ ಲ್ಯಾಂಕಾಷೈರಿನ ಗಿರಣಿಗಳಿಗೆ ಬಂದಿತ್ತು. ಆ ಹೊಗೆಯಲ್ಲಿದ್ದ ಗಂಧಕ ಮಳೆಯಲ್ಲಿ ಆಮ್ಲವಾಗಿ ಇಳಿಯುತ್ತಿದೆಯೆಂದು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ 1852ರಲ್ಲೇ ಬರೆದ. 1872ರ ತನ್ನ ಗ್ರಂಥದಲ್ಲಿ ‘ಆಮ್ಲಮಳೆ’ ಎಂಬ ಹೆಸರನ್ನೂ ಬಳಸಿದ. ಈ ಮಳೆಗೆ ಗುಡ್ಡದ ಸ್ಫ್ಯಾಗ್ನಮ್ ಪಾಚಿ ಬಹುಪಾಲು ಸತ್ತಿತು. ಪೀಟ್ ಮಣ್ಣು ಹೊದಿಕೆಯಿಲ್ಲದೆ ಕೊಚ್ಚಿಹೋಗತೊಡಗಿತು.

1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದ ಮೇಲೆ, 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಆದರೂ ವಿದ್ಯುತ್ ಸ್ಥಾವರಗಳ ಎತ್ತರದ ಚಿಮಣಿಗಳಿಂದ ಗಂಧಕ ಹೊರಬೀಳುತ್ತಲೇ ಇತ್ತು. ಅದು ಇಳಿಮುಖವಾದದ್ದು 1970ರ ನಂತರ. ಕೆರೆತೊರೆಗಳು ಆಮ್ಲದಿಂದ ಚೇತರಿಸಿಕೊಳ್ಳುತ್ತಿವೆಯೇ ಎಂದು ನೋಡಲು 1988ರಲ್ಲಿ ದೇಶದಾದ್ಯಂತ ನೀರಿನ ಪರೀಕ್ಷೆ ಆರಂಭವಾಯಿತು.

ಆಮ್ಲವೇನೋ ಇಳಿಯಿತು, ಆದರೆ ನೀರು ಕಂದಾಗುತ್ತಾ ಹೋಯಿತು! ಹನ್ನೆರಡು ವರ್ಷಗಳಲ್ಲಿ ಕರಗಿದ ಇಂಗಾಲ ಶೇಕಡಾ 65ರಷ್ಟು ಏರಿದೆಯೆಂದು ವೇಲ್ಸಿನ ಕ್ರಿಸ್ ಫ್ರೀಮನ್ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು. ಭೂಮಿ ಬಿಸಿಯಾಗಿ ಪೀಟ್ ಕರಗಿಹೋಗುತ್ತಿದೆಯೇ ಎಂಬ ಭಯ ಹುಟ್ಟಿತು.

2007ರಲ್ಲಿ ಡಾನ್ ಮಾಂಟೀತ್ ಮತ್ತು ಸಂಗಡಿಗರು ಯೂರೋಪ್, ಉತ್ತರ ಅಮೆರಿಕಗಳ 522 ಕೆರೆತೊರೆಗಳ ಲೆಕ್ಕವನ್ನು ಒಟ್ಟಿಗಿಟ್ಟು ನೋಡಿದರು. ಗಂಧಕ ಹೆಚ್ಚು ಇಳಿದ ಕಡೆಯೇ ಕಂದು ಹೆಚ್ಚಿತ್ತು. ಹಾಲಿಗೆ ಹುಳಿ ಬಿದ್ದರೆ ಒಡೆದು ಗಟ್ಟಿಯಾಗುತ್ತದಲ್ಲವೇ? ಹಾಗೆಯೇ ಆಮ್ಲಮಳೆಯಿದ್ದಾಗ ಈ ಕಂದು ವಸ್ತು ಕರಗದೆ ಮಣ್ಣಿನಲ್ಲೇ ನಿಲ್ಲುತ್ತಿತ್ತು. ಮಳೆ ಶುದ್ಧವಾದಂತೆ ಮತ್ತೆ ಕರಗತೊಡಗಿತು. ಅಂದರೆ ನೀರು ಗಿರಣಿಗಳಿಗೂ ಹಿಂದಿನ ತನ್ನ ಬಣ್ಣದ ಕಡೆಗೆ ಮರಳುತ್ತಿದೆಯೆಂಬುದು ಅವರ ವಾದ.

ಹಾಗೆಂದು ಎಲ್ಲವೂ ಕ್ಷೇಮವೆಂದು ಕೂರುವಂತಿಲ್ಲ. ಈ ಇಂಗಾಲ ಉಳಿದ ನೀರಿಗೆ ಕ್ಲೋರಿನ್ ಹಾಕಿದರೆ ಕ್ಲೋರೋಫಾರ್ಮಿನಂಥ ವಸ್ತುಗಳು ಹುಟ್ಟುತ್ತವೆಂದು 1974ರಲ್ಲಿ ಹಾಲೆಂಡಿನ ಯೋಹಾನೆಸ್ ರೂಕ್ ತೋರಿಸಿದರು. ಅದಕ್ಕಾಗಿ ನಮ್ಮ ನಲ್ಲಿಗೆ ಬರುವ ಮೊದಲೇ ಬಣ್ಣವನ್ನು ತೆಗೆಯಬೇಕು, ಅದಕ್ಕೆ ಖರ್ಚಿದೆ. ತೊರೆಗಿಳಿದ ಇಂಗಾಲವೆಲ್ಲ ಸಮುದ್ರ ಸೇರುವುದೂ ಇಲ್ಲ. ಸೂಕ್ಷ್ಮಜೀವಿಗಳು ತಿಂದು, ಬಿಸಿಲು ಒಡೆದು, ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕಾಲುವೆ ತೋಡಿ ಒಣಗಿಸಿದ, ಬೆಂಕಿ ಬಿದ್ದ ಪೀಟ್ ನೆಲವಾದರೆ ನಷ್ಟ ಇನ್ನೂ ಹೆಚ್ಚು.

ಆದ್ದರಿಂದಲೇ 2003ರಿಂದ ‘ಮೂರ್ಸ್ ಫಾರ್ ದ ಫ್ಯೂಚರ್’ ಎಂಬ ಸಹಯೋಗದವರು ಬ್ಲೀಕ್‌ಲೋ ಸುತ್ತಮುತ್ತ ಕೊರಕಲುಗಳಿಗೆ ಕಟ್ಟೆ ಹಾಕಿ, ಸುಣ್ಣ ಚೆಲ್ಲಿ, ಹುಲ್ಲು ಬಿತ್ತಿ, ಪಾಚಿ ನೆಡುತ್ತಾ ಬಂದಿದ್ದಾರೆ. ಗುಡ್ಡ ಮತ್ತೆ ಒದ್ದೆಯಾಗಿ ನಿಂತರೆ ಪೀಟ್ ಉಳಿಯುತ್ತದೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. "ಹಾಗಾದರೆ ಅದು ಕೊಳಕಲ್ಲ ಅಲ್ವಾ ಅಜ್ಜಾ?" ಎಂದಳು. ಅಲ್ಲ, ಆದರೆ ಕಾಯಿಸದೆ ಕುಡಿಯಬೇಡ ಎಂದೆ. ಮುಂದಿನ ಬೇಸಿಗೆಗೆ ಮತ್ತೆ ಹೋಗೋಣ. ಈ ಸಲ ಜಲಾಶಯದ ಬಳಿಯೇ ನಿಲ್ಲದೆ, ಪಾಚಿ ನೆಟ್ಟ ಗುಡ್ಡದವರೆಗೂ ಹತ್ತೋಣ.