ಮಾತ್ರೆಯ ದಾರಿಯ ಎರಡು ಗೋಡೆಗಳು



1992ರಲ್ಲಿ ಕೆನ್ಯಾ ದೇಶದ ನೈರೋಬಿಯಲ್ಲಿ, ಯೇಸುಸಭೆಯ ಗುರುಗಳೂ ವೈದ್ಯರೂ ಆಗಿದ್ದ ಫಾದರ್ ಆಂಜೆಲೊ ಡಿ'ಅಗಸ್ಟಿನೊ ಅವರು ಎಚ್‌ಐವಿ ಸೋಂಕಿತ ಅನಾಥ ಮಕ್ಕಳಿಗಾಗಿ ಆಶ್ರಯಧಾಮವೊಂದನ್ನು ತೆರೆದರು. ಅದರ ಹೆಸರು 'ನ್ಯುಂಬಾನಿ'. ಸ್ವಾಹಿಲಿ ಭಾಷೆಯಲ್ಲಿ ಮನೆ ಎಂದರ್ಥ. ಅಂದು ಆ ಮನೆ ಕೊಡಬಹುದಾಗಿದ್ದುದು ಅನ್ನ, ಆರೈಕೆ ಮತ್ತು ಮರಣಶಯ್ಯೆಯಲ್ಲಿ ಸಾಂತ್ವನ, ಇಷ್ಟೇ.

1996ರ ಸುಮಾರಿಗೆ, ಹಲವು ಔಷಧಿಗಳನ್ನು ಒಟ್ಟಾಗಿ ನೀಡುವ ಚಿಕಿತ್ಸೆಯು ಶ್ರೀಮಂತ ದೇಶಗಳಲ್ಲಿ ಸಾವನ್ನು ತಡೆಯತೊಡಗಿತು. ಆದರೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಮಿಗಿಲಾದ ವೆಚ್ಚ! ಬಡವರ ಪಾಲಿಗೆ ಅದು ಮೊದಲನೆಯ ಗೋಡೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿಯು ಸೇವಾಸಂಸ್ಥೆಗೆ ಆ ಚಿಕಿತ್ಸೆಯನ್ನು 350 ಡಾಲರಿಗೆ ಒದಗಿಸಲು ಮುಂದಾಯಿತು. ಫಾದರ್ ಡಿ'ಅಗಸ್ಟಿನೊ ಭಾರತದ ಔಷಧಿಯನ್ನೇ ತರಿಸಲು ನಿರ್ಧರಿಸಿದರು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರವೂ ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿತು. ಬಾಳಲಾರರೆಂದು ಭಾವಿಸಿದ್ದ ಎಷ್ಟೋ ಮಕ್ಕಳು ಬೆಳೆದು ಯುವಕ ಯುವತಿಯರಾದರು.

ಆಗ ಎರಡನೆಯ ಗೋಡೆ ಎದುರಾಯಿತು. ಈ ಮಾತ್ರೆಯನ್ನು ಜೀವನಪರ್ಯಂತ, ದಿನವೂ ತಪ್ಪದೆ ಸೇವಿಸಬೇಕು. ಪದೇ ಪದೇ ತಪ್ಪಿದರೆ ವೈರಾಣು ಔಷಧಿಗೆ ಬಗ್ಗದಂತಾಗುತ್ತದೆ. ಇದನ್ನು ತಿಳಿದೂ ಯುವಜನರು ಏಕೆ ನಿಲ್ಲಿಸುತ್ತಾರೆ? ಹಾಸ್ಟೆಲಿನಲ್ಲಿ ಜೊತೆಯವರು ಕಂಡಾರೆಂಬ ಭಯ, ತಂದೆತಾಯಿಯಿಲ್ಲದ ಮನೆಯಲ್ಲಿ ನೆನಪಿಸಲು ವೃದ್ಧ ಅಜ್ಜಿಯೊಬ್ಬಳೇ, ಕಾಯಿಲೆಯ ಹೆಸರನ್ನೇ ಹಿರಿಯರು ಮುಚ್ಚಿಟ್ಟಿದ್ದರೆ, "ಚೆನ್ನಾಗಿಯೇ ಇದ್ದೇನಲ್ಲ, ಮಾತ್ರೆಯೇಕೆ?" ಎಂಬ ಪ್ರಶ್ನೆ, ಪರಿಚಿತ ಮಕ್ಕಳ ವೈದ್ಯರನ್ನು ಬಿಟ್ಟು ದೊಡ್ಡವರ ಸರದಿಯಲ್ಲಿ ನಿಲ್ಲುವ ಮುಜುಗರ, ಎಲ್ಲಕ್ಕೂ ಮಿಗಿಲಾಗಿ, ಕೊನೆಯಿಲ್ಲದ ಚಿಕಿತ್ಸೆಯ ಬೇಸರ.

ನ್ಯುಂಬಾನಿಯ ಮಕ್ಕಳಿಗೂ ಸರ್ಕಾರಿ ಶಾಲೆಗಳು ಬಾಗಿಲು ಮುಚ್ಚಿದ್ದವು. 2004ರಲ್ಲಿ ಅವು ತೆರೆಯಲು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಹೀಗೆ ದೂರವಿಡಲ್ಪಟ್ಟ ಮಗು ತನ್ನ ಮಾತ್ರೆಯನ್ನು ಬಚ್ಚಿಡದೆ ಇನ್ನೇನು ಮಾಡೀತು?

ಮೊದಲನೆಯ ಗೋಡೆಯನ್ನು ಕಾರ್ಖಾನೆಗಳೂ ಸರ್ಕಾರಗಳೂ ಕೆಡವಿದವು. ಎರಡನೆಯದನ್ನು ಕೆಡವಬೇಕಾದವರು ನಾವು. ಅನುಮತಿಯಿಲ್ಲದೆ ಒಬ್ಬರ ಸೋಂಕಿನ ವಿಷಯವನ್ನು ಬಹಿರಂಗಪಡಿಸಬಾರದೆಂದು 2017ರ ಭಾರತೀಯ ಕಾಯಿದೆ ಹೇಳುತ್ತದೆ. ಕಾಯಿದೆ ನಾಲಗೆಯನ್ನು ತಡೆಯಬಲ್ಲದು. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವ ಪ್ರೀತಿಯನ್ನು ಅದು ಕೊಡಲಾರದು. ಯೇಸುಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸುವಾಗ ಕೈಚಾಚಿ ಮುಟ್ಟಿದರು. ನಿಮ್ಮ ಧರ್ಮಕೇಂದ್ರದಲ್ಲಿಯೂ ಅಂಥ ಯುವಕನೊಬ್ಬ ಇದ್ದಾನು. ಅವನು ಯಾರೆಂದು ಹುಡುಕಬೇಡಿ. ಅವನು ನಿಮ್ಮ ಮನೆಗೆ ಬಂದ ದಿನ, ಅಂಜಿಕೆಯಿಲ್ಲದೆ ಒಂದು ಲೋಟ ನೀರು ಕೇಳಿ ಮಾತ್ರೆ ನುಂಗುವಂತಿರಲಿ ನಿಮ್ಮ ಮನೆ.