ಅಡಿಗೆಮನೆಯ ಗೋಡೆಯ ಚರಿತ್ರೆ

ಚರಿತ್ರೆಯೆಂದೊಡನೆ ಕೋಟೆಕೊತ್ತಲಗಳೂ ಶಿಲಾಶಾಸನಗಳೂ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಸಹಜವೇ ಸರಿ. ಆದರೆ ಮನುಷ್ಯನು ದಿನದಿನವೂ ಮುಟ್ಟಿ ಬಾಳಿದ ವಸ್ತುಗಳಿಗೂ ಚರಿತ್ರೆಯುಂಟು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಮನೆಯೊಂದರಲ್ಲಿ ಅಡಿಗೆಮನೆಯನ್ನು ಹೊಸದು ಮಾಡಲೆಂದು ಗೋಡೆಯನ್ನು ಹೆರೆಯತೊಡಗಿದರೆ, ಮೊದಲು ಈಚಿನ ಬಣ್ಣ, ಅದರ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಹೊಗೆಯ ಕಪ್ಪು, ಮತ್ತೆ ಸುಣ್ಣ, ಕಡೆಗೆ ಮಣ್ಣು, ಹೀಗೆ ಪದರದ ಕೆಳಗೆ ಪದರವು ಕಾಣಬರುತ್ತದೆ. ಇವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರ ಮಾಡೋಣ.

ಪಾಶ್ಚಾತ್ಯ ದೇಶಗಳಲ್ಲಿ ಗೋಡೆಗೆ ಚಿತ್ರದ ಕಾಗದವನ್ನು ಅಂಟಿಸುವ ಪದ್ಧತಿಯು ಬಹುಕಾಲದಿಂದ ಇದೆ. ಅಲ್ಲಿ ಮನೆಯನ್ನು ನವೀಕರಿಸುವುದೆಂದರೆ ಹಳೆಯ ಕಾಗದವನ್ನು ನೆನೆಸಿ ಕೀಳುವುದೇ ಮೊದಲ ಕೆಲಸ. 19ನೆಯ ಶತಮಾನದಲ್ಲಿ ಅಂತಹ ಕೆಲವು ಕಾಗದಗಳ ಹಸುರು ಬಣ್ಣದಲ್ಲಿ ಪಾಷಾಣವಿದ್ದು, ಅದು ವಾಸಿಸುವವರ ಆರೋಗ್ಯಕ್ಕೆ ಕುತ್ತಾಯಿತೆಂಬುದು ಪ್ರಸಿದ್ಧವಾದ ಸಂಗತಿ. ಭೀಮಾತೀರದ ಮನೆಗಳಲ್ಲಿ ಕಾಗದದ ಸ್ಥಾನವನ್ನು ಸುಣ್ಣವೇ ವಹಿಸಿತ್ತು. ಅದಕ್ಕೆ ನೆಲವೇ ಕಾರಣ. ಶಹಾಬಾದಿನ ಚಪ್ಪಡಿಗಳನ್ನು ಕೊಡುವ ಈ ಸೀಮೆಯಲ್ಲಿ ಸುಣ್ಣದ ಕಲ್ಲಿಗೆ ಬಡತನವಿಲ್ಲ. ಕಲ್ಲನ್ನು ಸುಟ್ಟಾಗ ಅಂಗಾರಾಮ್ಲವಾಯುವು ಹೊರಟುಹೋಗಿ, ನೀರಿನಲ್ಲಿ ಅರಳಿದ ಸುಣ್ಣವು ಗೋಡೆಯ ಮೇಲೆ ಅದೇ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಪುನಃ ಕಲ್ಲಾಗುತ್ತದೆ.

ಗೋಡೆಯ ಮೈಯನ್ನು ಹದಗೊಳಿಸುವ ವಿದ್ಯೆಯು ಈ ನಾಡಿಗೆ ಹೊಸದಲ್ಲ. ಆಳಂದಕ್ಕೆ ನೆರೆಯದಾದ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಚಿತ್ರ ಬರೆಯತಕ್ಕ ಗೋಡೆಯನ್ನು ಸಿದ್ಧಪಡಿಸುವ ಕ್ರಮವು ಹೇಳಲ್ಪಟ್ಟಿದೆ. ಎಮ್ಮೆಯ ಚರ್ಮವನ್ನು ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಕೂಡಿಸಿ, ಗೋಡೆಗೆ ಮೂರು ಸಲ ಬಳಿದು, ಪ್ರತಿಸಲವೂ ಒಣಗಗೊಡಬೇಕಂತೆ. ಅರಸನ ಚಿತ್ರಶಾಲೆಗೂ ಒಕ್ಕಲಿಗನ ಅಡಿಗೆಮನೆಗೂ ಅಂತರವು ಬಹಳವಾದರೂ ನಿಯಮವು ಒಂದೇ: ತೆಳುವಾದ ಲೇಪ, ತಾಳ್ಮೆಯಿಂದ ಒಣಗಿಸುವಿಕೆ.

1347ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿಯು ರಾಜಧಾನಿಯಾದ ಮೇಲೆ ಗಾರೆಯ ಕೆಲಸವು ಹೊಸ ಏಳಿಗೆಯನ್ನು ಕಂಡಿತು. 1422ರಲ್ಲಿ ತೀರಿಕೊಂಡ ಫಿರೋಜ್ ಷಾಹನ ಗೋರಿಯೊಳಗಿನ ಗಾರೆಯ ಅಲಂಕಾರವನ್ನು ನೋಡಿದವರು ಇದನ್ನು ಒಪ್ಪುವರು. ಅವನೇ ಭೀಮೆಯ ದಡದಲ್ಲಿ ಕಟ್ಟಿಸಿದ ಫಿರೋಜಾಬಾದು ಈಗ ಹಾಳೂರಾಗಿದೆ. ಆದರೆ ಆ ಕಾಲದ ಸಂಪರ್ಕವು ನಮ್ಮ ಮಾತಿನಲ್ಲಿ ಇಂದಿಗೂ ಜೀವಂತವಾಗಿದೆ. ಫಾರ್ಸಿಯಲ್ಲಿ ‘ಗಿಲ್’ ಎಂದರೆ ಮಣ್ಣು, ‘ಗಚ್’ ಎಂದರೆ ಗಾರೆ. ನಮ್ಮ ಗೌಂಡಿಗಳ ಬಾಯಲ್ಲಿ ಗಿಲಾವು, ಗಚ್ಚು ಎಂಬ ಮಾತುಗಳು ಮನೆಮಾತುಗಳೇ ಆಗಿವೆ.

ಅಡಿಗೆಮನೆಯ ಗೋಡೆಗೆ ಮುಖ್ಯ ಶತ್ರು ಹೊಗೆ ಮತ್ತು ಜಿಡ್ಡು. ಮಾಳಿಗೆಯ ಬೆಳಕಿಂಡಿಯಿಂದ ಎಷ್ಟೇ ಹೊಗೆಯು ಹೊರಟುಹೋದರೂ ಒಲೆಯ ಮೇಲಿನ ಗೋಡೆಯು ಕಪ್ಪಾಗದೆ ಇರದು. ಹಬ್ಬ ಬಂದಿತೆಂದು ಆ ಜಿಡ್ಡಿನ ಮೇಲೆಯೇ ಸುಣ್ಣ ಬಳಿದರೆ ಅದು ಹಿಡಿಯದೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಆದುದರಿಂದ ಹೆರೆಯುವುದು ಅಗತ್ಯವೇ. ಆದರೆ ಹೆರೆಯುವುದಕ್ಕೂ ಒಂದು ಮಿತಿಯಿದೆ.

ಈ ಮಾತಿಗೆ ಅಜಂತೆಯೇ ಸಾಕ್ಷಿ. ಅಜಂತೆಯೂ ನಮ್ಮ ಈ ಮೂರು ತಾಲ್ಲೂಕುಗಳೂ ಆಗ ಹೈದರಾಬಾದು ಸಂಸ್ಥಾನಕ್ಕೇ ಸೇರಿದ್ದವು. 1920ರಿಂದ 1922ರ ವರೆಗೆ ನಿಜಾಮ ಸರ್ಕಾರವು ಇಟಲಿಯ ಲೊರೆಂಜೊ ಚೆಕ್ಕೋನಿಯನ್ನೂ ಅವನ ಸಹಾಯಕನನ್ನೂ ಕರೆಸಿ, ಗೋಡೆಯಿಂದ ಕಳಚುತ್ತಿದ್ದ ಮಣ್ಣಿನ ಗಾರೆಯನ್ನು ಭದ್ರಪಡಿಸಿತು. ಆ ಕೆಲಸದಿಂದ ಎಷ್ಟೋ ಚಿತ್ರಗಳು ಉಳಿದವು. ಆದರೆ ಚಿತ್ರಗಳ ಮೇಲೆ ಬಳಿದ ಅರಗಿನ ಮೆರುಗೆಣ್ಣೆಯು ಕಾಲಕ್ರಮದಲ್ಲಿ ಹಳದಿಗಟ್ಟಿ, ಮುಂದಿನವರು ಅದನ್ನು ತೆಗೆಯಲು ಬಹಳ ಶ್ರಮಪಡಬೇಕಾಯಿತು. ಒಳಗಿನಿಂದ ಆಧಾರ ಕೊಟ್ಟದ್ದು ನಿಂತಿತು. ಮೇಲಿನಿಂದ ಮುಚ್ಚಿದ್ದು ಕೆಟ್ಟಿತು.

ಸಿಮೆಂಟಿನ ವಿಷಯವೂ ಇಂತಹದೇ. 20ನೆಯ ಶತಮಾನದಲ್ಲಿ ಶಹಾಬಾದಿನಲ್ಲೇ ಸಿಮೆಂಟು ತಯಾರಾಗಿ ಸುಲಭವಾಗಿ ದೊರೆತುದರಿಂದ, ಮಣ್ಣಿನ ಗೋಡೆಗಳಿಗೂ ಅದನ್ನೇ ಮೆತ್ತುವುದು ರೂಢಿಗೆ ಬಂದಿತು. ಎರೆಯ ಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು; ಅದರೊಡನೆ ಗೋಡೆಯೂ ಅಲುಗುವುದು. ಬಿರುಸಾದ ಸಿಮೆಂಟು ಆ ಅಲುಗಾಟವನ್ನು ತಾಳದು. ಒಳಗಿನ ತೇವಕ್ಕೂ ಹೊರದಾರಿ ಕೊಡದು. ಮೇಲೆ ನುಣುಪಾಗಿ ಕಾಣುವ ಗೋಡೆಯು ಒಳಗೆ ಮೆತ್ತಗಾಗಿ ಉಪ್ಪು ಹಿಡಿಯುತ್ತದೆ.

ಮುಚ್ಚಿದ ಬಿರುಕಿನ ಬೆಲೆ ಎಷ್ಟೆಂಬುದನ್ನು 1993ರ ಸೆಪ್ಟೆಂಬರ್ 30ರಂದು ನಸುಕಿನ 4 ಗಂಟೆಯ ಸುಮಾರಿಗೆ ಆಳಂದದ ನೆರೆಸೀಮೆಯು ಅರಿತಿತು. ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಮಣ್ಣು ಕಲ್ಲುಗಳ ದಪ್ಪ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದು ಸಾವಿರಾರು ಜನರು ಮಡಿದರು. ಗೋಡೆಯ ಎರಡು ಮೈಗಳನ್ನೂ ಹಿಡಿದಿಡುವ ಉದ್ದಗಲ್ಲುಗಳಿಲ್ಲದಿದ್ದುದು ಆ ಅನಾಹುತದ ಮುಖ್ಯ ಕಾರಣಗಳಲ್ಲೊಂದು. ಈ ದೋಷವನ್ನು ಯಾವ ಗಿಲಾವೂ ನೀಗಲಾರದು.

ಆದುದರಿಂದ ಅಡಿಗೆಮನೆಯನ್ನು ಹೊಸದು ಮಾಡುವ ದಿನವು ಗೋಡೆಯನ್ನು ಪರೀಕ್ಷಿಸುವ ದಿನವೂ ಆಗಬೇಕು. ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬರುವ ಗಾರೆಯನ್ನು ಮಾತ್ರ ಕೀಳಬೇಕು; ಗಟ್ಟಿಯಾದುದನ್ನು ಉಳಿಸಬೇಕು. ಕಲ್ಲು ಉಬ್ಬಿದ್ದರೆ, ಬಿರುಕು ಗೋಡೆಯನ್ನು ಹಾಯ್ದು ಹೋಗಿದ್ದರೆ, ಬಣ್ಣದ ಮಾತನ್ನು ಬದಿಗಿಟ್ಟು ತಿಳಿದವರಿಗೆ ತೋರಿಸಿ ಗೋಡೆಯನ್ನೇ ಬಿಗಿಮಾಡಿಸಬೇಕು. ಸಣ್ಣ ಬಿರುಕಾದರೆ ಅದರ ಧೂಳು ತೆಗೆದು, ನೀರು ಚಿಮುಕಿಸಿ, ಗೋಡೆಯ ಜಾತಿಗೆ ಸೇರಿದ ಮಣ್ಣನ್ನೋ ಸುಣ್ಣದ ಗಾರೆಯನ್ನೋ ತೆಳುವಾಗಿ ತುಂಬಿ, ಒಣಗಿದ ಮೇಲೆ ಸುಣ್ಣವನ್ನು ಬಳಿಯಬೇಕು. ಗೋಡೆಯ ಹೊರಮೈ ನೋಡುವವರಿಗೆ ಸೇರಿದ್ದು. ಅದರ ಒಳಮೈಯನ್ನು ನಂಬಿ ಮನೆಯವರೆಲ್ಲರೂ ರಾತ್ರಿ ನಿದ್ರೆ ಮಾಡುತ್ತಾರೆ.