ಹುಂಡಿಯ ಮೂರು ಪ್ರತಿ, ಕ್ಲೌಡಿನ ಮೂರು ಪ್ರತಿ

ಚೆನ್ನೈನ ಸೌಕಾರ್‌ಪೇಟೆಯ ಹೆಸರಿನಲ್ಲೇ ಸಾಹುಕಾರರಿದ್ದಾರೆ. ಮಿಂಟ್ ಸ್ಟ್ರೀಟಿನ ಆಸುಪಾಸಿನಲ್ಲಿ ನೆಲೆಯೂರಿದ ಗುಜರಾತಿ, ಮಾರ್ವಾಡಿ ಮನೆತನಗಳು ಬಟ್ಟೆ, ಚಿನ್ನ-ಬೆಳ್ಳಿ, ಬಡ್ಡಿ ವ್ಯವಹಾರಗಳಿಂದ ಆ ಪೇಟೆಯನ್ನು ಬೆಳೆಸಿದವು. ಇಂಥ ಸಾಹುಕಾರರು ದೂರದೂರಿಗೆ ಹಣ ಮುಟ್ಟಿಸಲು ಬಳಸುತ್ತಿದ್ದದ್ದು ಹುಂಡಿ. ದೇವಸ್ಥಾನದ ಹುಂಡಿಯಲ್ಲ, ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಮತ್ತೊಂದು ಊರಿನ ಸಾಹುಕಾರನಿಗೆ ಬರೆದ ಚೀಟಿ.

ಚೀಟಿ ದಾರಿಯಲ್ಲಿ ಕಳೆದುಹೋದರೆ? ಆಗ ಬರೆದುಕೊಡುವ ಎರಡನೇ ಪ್ರತಿಗೆ ಪೇಠ್, ಅದೂ ಕಳೆದರೆ ಮೂರನೆಯದಕ್ಕೆ ಪರ್‌ಪೇಠ್ ಎಂಬ ಹೆಸರೇ ಇತ್ತು. ಹಾಗೆಂದು ಮೂರಕ್ಕೂ ಹಣ ಹೋಗುವಂತಿರಲಿಲ್ಲ. ಹಣ ಕೊಡುವವನು ತನ್ನ ಬಹಿ, ಅಂದರೆ ಲೆಕ್ಕದ ಪುಸ್ತಕ, ತೆರೆದು ಮೊದಲಿನದಕ್ಕೆ ಕೊಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಪ್ರತಿಗಳು ಎಷ್ಟಿದ್ದರೂ ತೀರ್ಪು ಒಂದೇ ಪುಸ್ತಕದ್ದು.

ಇಂದಿನ ಕ್ಲೌಡ್‌ನ ಬುಡದಲ್ಲಿರುವ ಕ್ಲಸ್ಟರ್ ಸಂಗ್ರಹಣೆಗೂ ಇದೇ ಪ್ರಶ್ನೆ ಎದುರಾಯಿತು. ನೂರಾರು ಸಾಧಾರಣ ಕಂಪ್ಯೂಟರುಗಳ ಡಿಸ್ಕುಗಳನ್ನು ಒಂದೇ ಉಗ್ರಾಣದಂತೆ ಬಳಸಿದಾಗ ಆಗಾಗ ಒಂದು ಡಿಸ್ಕು ಕೆಟ್ಟರೂ ಆಶ್ಚರ್ಯವಿಲ್ಲ. ಹಾಗಾಗಿ ಪ್ರತಿಗಳು ಬೇಕೇ ಬೇಕು. 2003ರಲ್ಲಿ ಗೂಗಲ್ ತನ್ನ ಫೈಲ್ ಸಿಸ್ಟಮ್ ಬಗ್ಗೆ ಪ್ರಬಂಧ ಪ್ರಕಟಿಸಿತು. ಅದರಲ್ಲಿ ಕಡತಗಳನ್ನು 64 ಎಂಬಿ ತುಂಡುಗಳಾಗಿ ಒಡೆದು, ಸಾಮಾನ್ಯವಾಗಿ ಪ್ರತಿ ತುಂಡನ್ನೂ ಮೂರು ಕಡೆ ಇಡಲಾಗುತ್ತಿತ್ತು. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕವೆಲ್ಲ ಮಾಸ್ಟರ್ ಎಂಬ ಒಂದೇ ಯಂತ್ರದ ಬಳಿ. ಒಬ್ಬ ಮುನೀಮ, ಒಂದು ಬಹಿ. ಉಗ್ರಾಣ ಬೆಳೆದಷ್ಟೂ ಮುನೀಮನ ಮುಂದೆ ಸಾಲು ಬೆಳೆಯುತ್ತದೆ.

ಮುನೀಮನೇ ಬೇಡ ಎಂದ ಕಂಪನಿ ಗ್ಲಸ್ಟರ್. ಅದನ್ನು 2005ರಲ್ಲಿ ಆರಂಭಿಸಿದವರಲ್ಲೊಬ್ಬರು ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಓದಿದ ಆನಂದ್ ಬಾಬು ಪೆರಿಯಸಾಮಿ. ಅದಕ್ಕೂ ಮೊದಲು ಅವರು ಅಮೆರಿಕದ ಥಂಡರ್ ಸೂಪರ್‌ಕಂಪ್ಯೂಟರ್ ಕಟ್ಟಿದ ತಂಡದಲ್ಲಿದ್ದರು. 2004ರ ಜೂನ್‌ನಲ್ಲಿ ಅದು ಜಗತ್ತಿನ ವೇಗದ ಯಂತ್ರಗಳ ಪಟ್ಟಿಯಲ್ಲಿ ಎರಡನೆಯದು. ಗ್ಲಸ್ಟರ್‌ನ ಕಚೇರಿ ಕ್ಯಾಲಿಫೋರ್ನಿಯಾದಲ್ಲಿದ್ದರೂ ಎಂಜಿನಿಯರುಗಳ ತಂಡ ಬೆಂಗಳೂರಿನಲ್ಲಿತ್ತು.

ಅವರ ಉಪಾಯ ಸರಳ. ಕಡತದ ಹೆಸರನ್ನೇ ಒಂದು ಗಣಿತಸೂತ್ರಕ್ಕೆ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಸುಮಾರು 429 ಕೋಟಿ ಸಂಖ್ಯೆಗಳ ವ್ಯಾಪ್ತಿಯನ್ನು ಡಿಸ್ಕುಗಳಿಗೆ ಮೊದಲೇ ಹಂಚಿರುತ್ತಾರೆ. ಗ್ಲಸ್ಟರ್ ಭಾಷೆಯಲ್ಲಿ ಅವು 'ಬ್ರಿಕ್', ಅಂದರೆ ಇಟ್ಟಿಗೆಗಳು. ಹೆಸರು ಗೊತ್ತಿದ್ದರೆ ವಿಳಾಸ ಯಾರನ್ನೂ ಕೇಳಬೇಕಿಲ್ಲ, ಲೆಕ್ಕ ಹಾಕಿದರಾಯಿತು. ಕಡತದ ಹೆಸರು ಬದಲಾಗಿ ಸಂಖ್ಯೆ ಬೇರೆ ಇಟ್ಟಿಗೆಯನ್ನು ತೋರಿದರೆ? ಮನೆ ಬಿಟ್ಟವರು ಬಾಗಿಲಿಗೆ ಹೊಸ ವಿಳಾಸ ಅಂಟಿಸುವಂತೆ, 'ನೀವು ಹುಡುಕುವುದು ಅಲ್ಲಿದೆ' ಎಂಬ ಪುಟ್ಟ ಗುರುತನ್ನು ಹೊಸ ಜಾಗದಲ್ಲಿ ಇಡುತ್ತದೆ. ದುಬಾರಿ ಸಂಗ್ರಹಣಾ ಪೆಟ್ಟಿಗೆ ಕೊಳ್ಳಲಾಗದವರೂ ಇದರಿಂದ ಸಾಧಾರಣ ಸರ್ವರುಗಳಲ್ಲೇ ದೊಡ್ಡ ಉಗ್ರಾಣ ಕಟ್ಟಬಹುದಿತ್ತು. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರಿಗೆ ಗ್ಲಸ್ಟರನ್ನು ಕೊಂಡಿತು.

ಆದರೆ ಬಹಿ ಇಲ್ಲದ ಕೊರತೆ ಬೇರೆ ಕಡೆ ಕಾಣಿಸಿಕೊಂಡಿತು. ಎರಡು ಪ್ರತಿಗಳ ನಡುವಿನ ಸಂಪರ್ಕ ಕಡಿದು, ಎರಡರಲ್ಲೂ ಬೇರೆ ಬೇರೆ ಬದಲಾವಣೆಯಾದರೆ ಸಂಪರ್ಕ ಮರಳಿದಾಗ ಎರಡೂ 'ನಾನೇ ಸರಿ' ಎನ್ನುತ್ತವೆ. ಇದಕ್ಕೆ ಸ್ಪ್ಲಿಟ್-ಬ್ರೇನ್ ಎಂದು ಹೆಸರು. ಯಾವುದನ್ನು ಬಿಟ್ಟರೂ ಯಾರದೋ ಕೆಲಸ ಅಳಿಸಿಹೋಗುತ್ತದೆ. ಬಹುಮತಕ್ಕಾಗಿ ಮೂರು ಪೂರ್ಣ ಪ್ರತಿ ಇಟ್ಟರೆ ಡಿಸ್ಕಿನ ಖರ್ಚು ಹೆಚ್ಚು. ಹಾಗಾಗಿ 2015ರಲ್ಲಿ ಬಂದ ಆವೃತ್ತಿಯಲ್ಲಿ ಆರ್ಬಿಟರ್ ಎಂಬ ಮೂರನೇ ಇಟ್ಟಿಗೆ ಸೇರಿತು. ಅದರಲ್ಲಿ ಕಡತದ ಒಳಗಿನದ್ದೇನೂ ಇರುವುದಿಲ್ಲ. ಹೆಸರು ಮತ್ತು ಯಾವ ಪ್ರತಿ ಹಿಂದೆ ಬಿದ್ದಿದೆ ಎಂಬ ಟಿಪ್ಪಣಿ ಮಾತ್ರ. ಬೇಡವೆಂದು ಹೊರಗಿಟ್ಟ ಬಹಿ ಸಣ್ಣದಾಗಿ ಒಳಗೆ ಬಂದಿತ್ತು.

ರೆಡ್ ಹ್ಯಾಟ್ ತಾನು ಮಾರುತ್ತಿದ್ದ ಗ್ಲಸ್ಟರ್ ಉತ್ಪನ್ನದ ಬೆಂಬಲವನ್ನು 2024ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ಮುಕ್ತ ತಂತ್ರಾಂಶವಾದ್ದರಿಂದ ಅದರ ಸಂಕೇತ ಈಗಲೂ ಎಲ್ಲರಿಗೂ ಸಿಗುತ್ತದೆ. ಜೊತೆಗೆ, ತುಂಡು ಮಾಡದೆ ಪ್ರತಿ ಇಡುವ ವಿಧಾನದಲ್ಲಿ ಗ್ಲಸ್ಟರ್ ಕಡತಗಳನ್ನು ಮಾಮೂಲಿ ಕಡತಗಳಾಗಿಯೇ ಡಿಸ್ಕಿನಲ್ಲಿಡುತ್ತದೆ. ಅಂಥ ಉಗ್ರಾಣದ ಒಂದು ಇಟ್ಟಿಗೆಯನ್ನು ಕಿತ್ತು ಬೇರೆ ಲಿನಕ್ಸ್ ಯಂತ್ರಕ್ಕೆ ಜೋಡಿಸಿದರೂ ಅದರಲ್ಲಿರುವ ಕಡತಗಳನ್ನು ತೆರೆದು ಓದಬಹುದು. ಅಂಗಡಿ ಮುಚ್ಚಿದ ಮೇಲೂ ಸಾಹುಕಾರನ ಬಹಿಯನ್ನು ಅಕ್ಷರ ಬಲ್ಲವರು ಓದುವ ಹಾಗೆ.